ಎರಡು ಕುಂಟೆ

ಅಂದು ನಾನು ಬಾಯಿ ಬಿಡಬೇಕಿತ್ತು, ಬಿಡಲಿಲ್ಲ. ಯಾಕೆಂದು ಈಗಲೂ ನನಗೆ ಸರಿಯಾಗಿ ತಿಳಿಯದು.

ತೊಂಬತ್ತರ ದಶಕದ ಮೊದಲ ವರ್ಷಗಳು. ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು. ನನ್ನ ತಂಗಿ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರ ಓದುತ್ತಿದ್ದಳು. ಬೇಸಾಯದ ಮೇಷ್ಟ್ರು, ನೀರಾವರಿ ಇಂಜಿನಿಯರ್ ಮೇಷ್ಟ್ರು ಇಬ್ಬರೂ ಸೇರಿ ನಮ್ಮ ನಂದಗುಡಿ ಕಡೆ ಸಮೀಕ್ಷೆ ಹಿಡಿದಿದ್ದರು. ಮನೆಮನೆಗೆ ಹೋಗಿ ಕೇಳಿ ಬರೆಯುವುದು ತಂಗಿಯ ಕೆಲಸ. ಅದು ಚೆನ್ನಾಗಿ ಆದರೆ ಅವಳನ್ನು ಸಂಶೋಧನೆಗೆ ಸೇರಿಸಿಕೊಳ್ಳುವ ಮಾತಿತ್ತು. ಹೆಂಗಸರನ್ನು ಅವಳು ಕೇಳುತ್ತಿದ್ದಳು, ಹೊಲದಲ್ಲಿದ್ದ ಗಂಡಸರನ್ನು ನಾನು.

ಪಟ್ಟಿಯಲ್ಲಿ ರಾಗಿಯ ಪ್ರಶ್ನೆಯಾದ ಮೇಲೆ ‘ಕುಂಟೆ ಎಷ್ಟು?’ ಎಂದಿತ್ತು. ಕಳೆ ತೆಗೆಯಲು ಪೈರಿನ ಸಾಲಿನ ನಡುವೆ ಎತ್ತು ಕಟ್ಟಿ ಎಳೆಸುವ ಕುಂಟೆ, ಅದನ್ನು ಎಷ್ಟು ಸಲ ಹೊಡೆದಿರಿ ಎಂದು ಕೇಳುವುದು ಎಂದುಕೊಂಡೆ.

“ಎರಡಾಯ್ತು ಕಣಪ್ಪಾ. ಮಳೆ ಬಿಟ್ರೆ ಇನ್ನೊಂದು ಹೊಡೀತೀನಿ” ಎನ್ನುತ್ತಿದ್ದರು. ಎರಡು ಎಂದು ಬರೆಯುತ್ತಿದ್ದೆ.

ತಿಂಗಳಾದ ಮೇಲೆ ಮೇಷ್ಟ್ರುಗಳು ನಮ್ಮ ಜಗುಲಿಯಲ್ಲಿ ಕಾಗದ ಹರಡಿ ಕೂತರು.

“ಎರಡು ಸಾಲ್ದು, ಮೂರಾಗ್ಬೇಕು” ಎಂದರು ಬೇಸಾಯದವರು.

“ಅರ್ಧ ಎಕರೆಯವನಿಗೆ ಮೂರು ಕುಂಟೇನಾ? ರಾಗಿ ಎಲ್ಲಿ ಬೆಳೀತಾನ್ರೀ?” ಎಂದರು ಇಂಜಿನಿಯರ್.

“ಕುಂಟೆ ಇಲ್ದೆ ರಾಗಿ ಹೆಂಗ್ರೀ ಆಗುತ್ತೆ?”

ಇಂಜಿನಿಯರ್ ತಂಗಿಯ ಕಡೆ ತಿರುಗಿದರು. “ನಿನ್ನೆ ಊರೆಲ್ಲಾ ಸುತ್ತಿದೆ. ತೊಟ್ಟು ನೀರಿರೋ ಒಂದು ಕುಂಟೆ ಕಾಣ್ಲಿಲ್ಲ. ಮನೇಲಿ ಕೂತು ಬರ್ಕೊಂಡು ಬಂದ್ಬಿಟ್ಯೇನಮ್ಮಾ?”

ಆಗ ನನಗೆ ಹೊಳೆಯಿತು. ನೀರು ನಿಲ್ಲುವ ಹೊಂಡವನ್ನೂ ನಾವು ಕುಂಟೆ ಎಂದೇ ಕರೆಯುತ್ತೇವೆ. ಇಂಜಿನಿಯರ್ ಕೇಳಿಸಿದ್ದು ಅದನ್ನು.

“ಕೇಳೇ ಬರ್ದಿದೀವಿ ಸಾರ್” ಎಂದು ತಂಗಿ ನನ್ನ ಮುಖ ನೋಡಿದಳು. ನಾನು ಕಂಬ ಹಿಡಿದು ನಿಂತಿದ್ದೆ. ಇಷ್ಟು ಓದಿದವರಿಗೆ ನಾನೇನು ಹೇಳುವುದು ಎನ್ನಿಸಿತೋ, ನಗುತ್ತಾರೆಂದು ಹೆದರಿದೆನೋ. ಇಲ್ಲ, ಅವಳೂ ಒಮ್ಮೆ ಬೈಸಿಕೊಳ್ಳಲಿ ಅನ್ನಿಸಿತ್ತೋ? ಅದನ್ನು ನೆನೆದರೆ ಭಯವಾಗುತ್ತದೆ.

ಸಂಶೋಧನೆಯ ಆ ಜಾಗ ಬೇರೆಯವರಿಗೆ ಹೋಯಿತು. ಮರುವರ್ಷ ತಂಗಿಗೆ ಜಡಿಗೇನಹಳ್ಳಿಗೆ ಮದುವೆಯಾಯಿತು.

ಕೆಲವು ವರ್ಷಗಳ ನಂತರ ಊರಿಗೆ ಬಂದವಳು ನಾನು ಎತ್ತು ಹೂಡಿದ್ದ ಹೊಲಕ್ಕೆ ಬುತ್ತಿ ತಂದಳು. ಬದುವಿನ ಮೇಲೆ ನಿಂತು, ಏನೂ ಮನಸ್ಸಿನಲ್ಲಿಟ್ಟುಕೊಳ್ಳದೆ, “ಎಷ್ಟು ಕುಂಟೆ ಆಯ್ತಣ್ಣ?” ಎಂದಳು.

ಕೈಯಲ್ಲಿದ್ದ ಹಗ್ಗ ಸಡಿಲವಾಯಿತು. ಎತ್ತುಗಳು ತಾವೇ ನಿಂತವು.

“ಅವತ್ತು ಪಟ್ಟೀಲಿ ಬರ್ದಿದ್ದು ಇದೇ ಕುಂಟೆ ಕಣಮ್ಮ. ಅಲ್ಲೇ ನಿಂತಿದ್ದೆ, ಗೊತ್ತಾಯ್ತು, ಹೇಳ್ಲಿಲ್ಲ. ತಪ್ಪಾಯ್ತು, ನನ್ನ ಕ್ಷಮಿಸ್ಬಿಡು.”