ದೋಣಿಯೊಳಗೆ ರೊಟ್ಟಿ ಹೆಂಚು

ನಮ್ಮ ನೀಲಾ ದೋಣಿ ನಡೆಸುವ ಪರೀಕ್ಷೆ ಪಾಸಾದಳು. ಕಾರವಾರದಿಂದ ತದಡಿ ಬಂದರಿನವರೆಗೆ ಹಾಯಿದೋಣಿಯನ್ನು ತಾನೇ ನಡೆಸಿಕೊಂಡು ಬಂದಳು. ನನ್ನ ಮಗನ ಮಗಳು. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟ ನಾನು ಬರೆಯಲು ಕುಳಿತದ್ದು, ಈ ಸಂತೋಷ ಬಾಯಿಂದ ಹೇಳಿ ಮುಗಿಯಲಿಲ್ಲ, ಅದಕ್ಕೆ.

ಹಿಂದಿನ ದಿನ ಅಕ್ಕಿಆಲೂರಿನಿಂದ ಹಾನಗಲ್ಲು, ಶಿರಸಿ, ಕುಮಟಾ ಎಂದು ನಾಲ್ಕು ಬಸ್ಸು ಹತ್ತಿ ಇಳಿದು ಕಾರವಾರ ಸೇರಿದೆ. ಹೆಂಗಸರಿಗೆ ಟಿಕೆಟ್ ಪುಕ್ಕಟೆ. ಊಟ ನನ್ನ ಬುತ್ತಿಯದೇ. ನೀಲಾ ಅಲ್ಲಿ ಕಾಲೇಜು ಓದುತ್ತ ದೋಣಿ ಕಲಿತಿದ್ದಾಳೆ. ಸಂಜೆ ನಕಾಶೆ ಹಾಸಿ ನನಗೆ ಎಲ್ಲ ತಿಳಿಸಿ ಹೇಳಿದಳು. ಬೆಳಗಿನ ಗಾಳಿ ದಂಡೆಯಿಂದ ಬೀಸುತ್ತದೆ, ಹತ್ತರ ಮೇಲೆ ಕಡಲ ಕಡೆಯಿಂದ ತಿರುಗುತ್ತದೆ. ಮಧ್ಯಾಹ್ನ ಒಂದರೊಳಗೆ ತದಡಿಯ ಅಳಿವೆ ಹೊಗಬೇಕು. ಆಮೇಲೆ ನೀರು ಇಳಿದು, ಹೊಳೆ ಕಡಲು ಸೇರುವ ಆ ಬಾಯಲ್ಲಿ ತೆರೆ ಒಡೆಯುತ್ತದೆ. ತಡವಾದರೆ ನಡುವೆ ಬೇಲೆಕೇರಿ ಬಂದರಿಗೆ ತಿರುಗಬೇಕು. ಅಲ್ಲಿ ಜೀವಕ್ಕೆ ಕ್ಷೇಮ, ಆದರೆ ಪರೀಕ್ಷೆ ಮುಂದಿನ ವರ್ಷಕ್ಕೆ.

ಬೆಳಕು ಹರಿಯುವಾಗ ನೀಲಾ ನನ್ನನ್ನೂ ದೋಣಿ ಹತ್ತಿಸಿಕೊಂಡಳು, ಹೊರಟೆವು. ಪರೀಕ್ಷೆ ಮಾಡುವ ಮಾಸ್ತರು ಬಾಯಿ ಬಿಡದೆ ಹಿಂದೆ ಕುಳಿತರು. ಮೊಬೈಲ್ ನೋಡುವಂತಿಲ್ಲ, ದಿಕ್ಸೂಚಿಯ ಮುಳ್ಳನ್ನು ನಂಬಿ ಹೋಗಬೇಕು. ಸುತ್ತ ಮಂಜು. ಒಂಬತ್ತಕ್ಕೆ ಅದು ಹರಿದಾಗ, ಎಡಕ್ಕೆ ಹತ್ತಿರವಿರಬೇಕಿದ್ದ ಗುಡ್ಡ ಎಲ್ಲೋ ದೂರದಲ್ಲಿತ್ತು. ನೀಲಾ ನಕಾಶೆ ಬಿಡಿಸಿದಳು. ಮುಳ್ಳನ್ನು ನೋಡಿದಳು, ಸೂರ್ಯನನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

“ಅಜ್ಜಿ, ಈ ದಿಕ್ಸೂಚಿ ಬುಡಕ ಕಬ್ಬಿಣದ್ದು ಏನರ ಇಟ್ಟಿಯೇನ?”

“ರೊಟ್ಟಿ ಹೆಂಚ ಇಟ್ಟೇನವ್ವಾ. ಜಾರಬಾರ್ದಂತ ಸೀರ್ಯಾಗ ಸುತ್ತಿ ಇಟ್ಟೇನಿ.”

ತದಡಿಗೆ ಬರುವ ಮನೆಯವರಿಗೆ ಬಿಸಿ ರೊಟ್ಟಿ ಬಡಿಯಬೇಕೆಂದು ಊರಿನಿಂದ ಹೊತ್ತು ತಂದಿದ್ದೆ. ಬೇರೆಯವರ ಹೆಂಚಿನ ಮೇಲೆ ನನ್ನ ರೊಟ್ಟಿ ಉಬ್ಬುವುದಿಲ್ಲ. ನೀಲಾ ಹೆಂಚನ್ನು ದೋಣಿಯ ಆ ತುದಿಗೆ ಒಯ್ದಿಟ್ಟೊಡನೆ ಮುಳ್ಳು ಎರಡು ಬೆರಳು ಸರಿಯಿತು. ಕಬ್ಬಿಣ ಅದನ್ನು ಎಳೆಯುತ್ತದೆಂದು ನನಗೆ ಗೊತ್ತಿರಲಿಲ್ಲ. ಮೊಮ್ಮಗಳ ಒಂದು ವರ್ಷ ನನ್ನ ಕೈಯಿಂದ ಹೋಯಿತಲ್ಲ ಎಂದು ನನ್ನನ್ನೇ ಬೈದುಕೊಂಡೆ.

ನೀಲಾ ನಕಾಶೆಯ ಮೇಲೆ ಮತ್ತೆ ಗೆರೆ ಎಳೆದಳು. ಹತ್ತೂವರೆಯೊಳಗೆ ಗಾಳಿ ತಿರುಗಿದರೆ ತದಡಿ, ಇಲ್ಲವಾದರೆ ಬೇಲೆಕೇರಿ, ಹಟ ಮಾಡುವುದಿಲ್ಲ ಅಂದಳು. ಹತ್ತೂಕಾಲಿಗೆ ಗಾಳಿ ಬೆನ್ನಿಗೆ ಬಂತು. ಒಂದಕ್ಕೆ ಹತ್ತು ನಿಮಿಷವಿರುವಾಗ, ಏರಿದ ನೀರಿನ ಮೇಲೆ, ಅಳಿವೆ ಹೊಕ್ಕೆವು.

ಮಾಸ್ತರು ಆಗ ಬಾಯಿ ಬಿಟ್ಟರು. “ತಪ್ಪು ನೀನೇ ಹುಡುಕಿದೆ. ಬೇಲೆಕೇರಿಗೆ ತಿರುಗೋದಕ್ಕೂ ತಯಾರಿದ್ದೆ. ಪಾಸು.” ಆ ಹೆಂಚಿನ ರೊಟ್ಟಿ ತಮಗೂ ಬೇಕೆಂದು ನನಗೆ ಹೇಳಿದರು.

ಸಂಜೆ ಮಗ, ಸೊಸೆ, ನಮ್ಮ ಯಜಮಾನರು ಜೀಪಿನಲ್ಲಿ ಬಂದಿಳಿದರು. ದಂಡೆಯ ಮೇಲೆ ಮೂರು ಕಲ್ಲು ಹೂಡಿ ರೊಟ್ಟಿ ಬಡಿದೆ. ಸೊಸೆ ತಂದ ಬದನೆಕಾಯಿ ಎಣಗಾಯಿ, ಶೇಂಗಾ ಚಟ್ನಿ ಜೊತೆಗೆ. ಎಲ್ಲರೂ ಒಲೆಯ ಸುತ್ತ ಕುಳಿತೆವು. ನಾಳೆ ಕಾರವಾರಕ್ಕೆ ಮರಳುವಾಗ ನಾನೂ ದೋಣಿ ಹತ್ತಲೇ ಎಂದು ಅಂಜುತ್ತ ಕೇಳಿದೆ.

“ನೀ ಬಾ ಅಜ್ಜಿ,” ಎಂದಳು ನೀಲಾ, ಮೂರನೆಯ ರೊಟ್ಟಿ ಮುರಿಯುತ್ತ. “ಹೆಂಚು ಅಜ್ಜನ ಕೂಡ ಜೀಪಿನಾಗ ಹೋಗ್ಲಿ.”

ಅಜ್ಜ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಅವರ ಬಾಯಿ ತುಂಬ ರೊಟ್ಟಿ ಇತ್ತು.