ಹಟ್ಟಿಯವರು ಕೇಳುತ್ತಿದ್ದರು

ಗಂಗಮ್ಮಕ್ಕನಿಗೆ ನಾನು ಹೇಳಿದ ಸುಳ್ಳು ತೀರಾ ಸಣ್ಣದು — ಎರಡೇ ಮಾತು. "ಯಾರೂ ಕೇಳಿಲ್ರಿ." ಆದರೆ ಕೇಳಿದ್ದರು. ದಿನಾ ಕೇಳುತ್ತಿದ್ದರು. ಕೇಳಿದ್ದೆಲ್ಲ ನನ್ನ ಕಿವಿಗೆ ಬಿದ್ದು ನನ್ನಲ್ಲೇ ಉಳಿಯಿತು. ನಾಲ್ಕು ವರ್ಷ ಇದನ್ನು ಹೆಂಡತಿಗೂ ಹೇಳದೆ ಇಟ್ಟುಕೊಂಡಿದ್ದೆ.

ಸಿಂಧನೂರಿನಲ್ಲಿ ನನ್ನದೊಂದು ಅಂಗಡಿ. ಮೊದಲು ಮದುವೆ ಕಾರ್ಡು, ಫ್ಲೆಕ್ಸು ಮಾಡುತ್ತಿದ್ದೆ. ಆಮೇಲೆ ಆನ್‌ಲೈನ್ ಪ್ರಚಾರದ ಕೆಲಸಕ್ಕೆ ಇಳಿದೆ. ಯಾವ ವ್ಯಾಪಾರಕ್ಕೆ ಯಾವ ದಾರಿ ಒಗ್ಗುತ್ತದೆ — ಗ್ರೂಪೋ, ರೀಲ್ಸೋ, ದುಡ್ಡು ಕೊಟ್ಟು ಹಾಕಿಸುವ ಜಾಹೀರಾತೋ — ಎಂದು ಜನರಿಗೆ ಹೇಳಿಕೊಡುವವನು ನಾನು. ಫೋನಿನಲ್ಲಿ ನಾಲ್ಕು ವಿಡಿಯೊ ನೋಡಿ ಕಲಿತ ವಿದ್ಯೆ, ಮಾತು ಮಾತ್ರ ಪಂಡಿತನದು. ಎದುರಿಗೆ ಕುಳಿತವರು ಬಾಯಿ ತೆರೆಯುವ ಮೊದಲೇ ಉತ್ತರ ಹೇಳಿಬಿಡುವ ಚಾಳಿ ನನಗಿತ್ತು. ಈಗಲೂ ಸ್ವಲ್ಪ ಇದೆ.

ಗಂಗಮ್ಮಕ್ಕ ಮಸ್ಕಿಯವರು. ಪಕ್ಕದ ಮನೆಯ ಇಬ್ಬರನ್ನು ಕಟ್ಟಿಕೊಂಡು ಜೋಳದ, ಸಜ್ಜೆಯ ಕಡಕ್ ರೊಟ್ಟಿ ಮಾಡಿ ಹಟ್ಟಿಗೆ ಕಳಿಸುತ್ತಿದ್ದರು. ಆ ಊರಿನ ಚಿನ್ನದ ಗಣಿಯಲ್ಲಿ ಪಾಳಿಯ ಮೇಲೆ ದುಡಿಯುವವರ ಮನೆಗಳೇ ಅವರ ಗಿರಾಕಿಗಳು. ಅಕ್ಕನಿಗೆ ಬರೆಯಲು ಬಾರದು. ಹಾಗಾಗಿ ಮುಂಜಾನೆ ವಾಟ್ಸಾಪ್ ಗ್ರೂಪಿಗೆ ಮಾತಾಡಿಯೇ ಕಳಿಸುತ್ತಿದ್ದರು: "ಇವತ್ತ ಸಜ್ಜಿ ರೊಟ್ಟಿ ಆಗ್ಯಾವ ನೋಡ್ರೆವ್ವಾ, ಎಳ್ಳ ಹಚ್ಚೀವಿ. ಹತ್ತರ ಬಸ್ಸಿಗೆ ಹಾಕತೀನಿ. ರಾತ್ರಿ ಪಾಳೇದವರು ಮಲಗಿದ್ರ ಎಬ್ಬಿಸಬ್ಯಾಡ್ರಿ, ಡಬ್ಬಿ ಬಸ್ ಸ್ಟ್ಯಾಂಡಿನ ಚಾದಂಗಡ್ಯಾಗ ಇರ್ತೈತಿ." ಅಷ್ಟೇ ಪ್ರಚಾರ. ಅಷ್ಟಕ್ಕೇ ಡಬ್ಬಿಗಳು ಖಾಲಿಯಾಗುತ್ತಿದ್ದವು.

ಇನ್ನಷ್ಟು ಊರಿಗೆ ಕಳಿಸಬೇಕು, ಜೊತೆಗಿದ್ದ ಇಬ್ಬರಿಗೂ ವರ್ಷಪೂರ್ತಿ ಕೆಲಸ ಸಿಗಬೇಕು — ಇದು ಅವರ ಆಸೆ. ಅದಕ್ಕೇ ನನ್ನ ಹತ್ತಿರ ಬಂದರು. ನಾನು ಆ ಮಾತುಗಳನ್ನು ಒಮ್ಮೆ ಕೇಳಿಸಿಕೊಂಡು ನಕ್ಕುಬಿಟ್ಟೆ. ಹೌದು, ನಕ್ಕೆ.

"ಅಕ್ಕಾರ, ಇದು ಹಳ್ಳಿ ಮಾತು. ದೊಡ್ಡ ಊರಾಗ ನಡೆಯಂಗಿಲ್ಲ. ಈ ಗ್ರೂಪ್ ಬಂದ್ ಮಾಡೋಣು, ರೀಲ್ಸ್ ಮಾಡೋಣು."

"ಹಟ್ಟ್ಯಾಗಿನವರಿಗೆ ಹೆಂಗ ಗೊತ್ತಾಗಬೇಕು ತಮ್ಮಾ?"

"ಅವರೂ ನೋಡ್ತಾರ್ರಿ. ಈಗ ಎಲ್ಲಾರೂ ಅದನ್ನ ನೋಡಾಕತ್ಯಾರ."

ಅವರು ನಂಬಿದರು. ಮಸ್ಕಿಯ ಗುಡ್ಡದ ಬಂಡೆಯ ಮೇಲೆ ರೊಟ್ಟಿ ಪೇರಿಸಿ ವಿಡಿಯೊ ತೆಗೆದೆ. ಅಕ್ಕನ ದನಿ ತೆಗೆದು, ಟೀವಿಯ ಹದದ ಕನ್ನಡ ಮಾತಾಡುವ ಬೇರೊಬ್ಬ ಹುಡುಗಿಯ ದನಿ ಹಾಕಿದೆ. ವ್ಯಾಪಾರಕ್ಕೆ ಶಿಸ್ತು ಬೇಕೆಂದು ಅವರ ಹಳೆಯ ಸಿಮ್ಮನ್ನೂ ನನ್ನ ಅಂಗಡಿಯ ಫೋನಿಗೆ ಹಾಕಿಕೊಂಡೆ. ಅವರಿಗೆ ಹೊಸದೊಂದು ಕೊಡಿಸಿದೆ; ಹಟ್ಟಿಯವರ ನಂಬರುಗಳೆಲ್ಲ ಹಳೆಯದರಲ್ಲೇ ಉಳಿದವು. ಆರ್ಡರೆಲ್ಲ ಒಂದೇ ಕಡೆ ಬರಲಿ ಎಂಬ ಲೆಕ್ಕಾಚಾರ. ಮೋಸ ಮಾಡಬೇಕೆಂದು ಆಗ ಇರಲಿಲ್ಲ — ಅಥವಾ ಇರಲಿಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಾ ಬಂದಿದ್ದೇನೆ.

ರೀಲ್ಸ್ ಓಡಿದವು. ಎಲ್ಲೆಲ್ಲಿಯದೋ ಜನ ನೋಡಿದರು, ಹೃದಯದ ಚಿತ್ರ ಒತ್ತಿದರು, "ಸೂಪರ್" ಎಂದರು. ಕೊಂಡವರು ಮಾತ್ರ ಬೆರಳೆಣಿಕೆ. ದೂರದ ಊರಿಗೆ ಕೊರಿಯರ್‌ನಲ್ಲಿ ಹೋದ ಕಡಕ್ ರೊಟ್ಟಿ ಅಲ್ಲಿ ತಲುಪುವಷ್ಟರಲ್ಲಿ ಹಿಟ್ಟಾಗಿತ್ತು. ಬಸ್ ಡ್ರೈವರನ ಕಾಲ ಬಳಿ ಜೋಪಾನವಾಗಿ ಹೋಗುವ ಪದಾರ್ಥ ಅದು ಎಂದು ನನ್ನ ಪಾಂಡಿತ್ಯಕ್ಕೆ ಹೊಳೆದಿರಲಿಲ್ಲ.

ಇತ್ತ ಹಳೆಯ ನಂಬರಿಗೆ ಹಟ್ಟಿಯಿಂದ ಫೋನು ಬರತೊಡಗಿತು. "ಅಕ್ಕನ ದನಿ ಯಾಕ ಬರವಲ್ದು? ಆರಾಮ ಅದಾಳಿಲ್ಲ?" ಎಂದು ಒಬ್ಬಾಕೆ. "ನಮ್ಮತ್ತಿಗೆ ಅಕ್ಕನ ರೊಟ್ಟೀನ ಬೇಕಂತ" ಎಂದು ಇನ್ನೊಬ್ಬಾಕೆ. ನಾನು ರೀಲ್ಸ್ ಹಾಕುತ್ತಿದ್ದ ಪೇಜಿನ ಹೆಸರು ಹೇಳಿ, ಅಲ್ಲಿ ಹೋಗಿ ಆರ್ಡರ್ ಮಾಡಿ ಎನ್ನುತ್ತಿದ್ದೆ. "ಅದು ನೋಡಾಕ ಛಂದ ಐತಪಾ, ರೊಟ್ಟಿ ಎಲ್ಲಿ ಸಿಗ್ತಾವ ಹೇಳು" ಎಂದು ಒಬ್ಬ ಹಿರಿಯರು ಬೈದೇಬಿಟ್ಟರು. ಬೈದದ್ದು ಸರಿಯಾಗಿಯೇ ಇತ್ತು.

ಅವತ್ತೇ ತಿಳಿಯಿತು ನಾನು ಹಿಡಿಸಿದ ದಾರಿ ತಪ್ಪೆಂದು. ಗ್ರೂಪು ಮತ್ತೆ ಶುರುಮಾಡಿ, ಸಿಮ್ ವಾಪಸು ಕೊಟ್ಟಿದ್ದರೆ ಮುಗಿಯುತ್ತಿತ್ತು. ಆದರೆ — ಲಿಂಗಸುಗೂರಿನ ದೊಡ್ಡ ಬಟ್ಟೆ ಅಂಗಡಿಯ ಸಾಹುಕಾರರಿಗೆ ಆ ವಾರವಷ್ಟೇ ಅಕ್ಕನ ರೀಲ್ಸ್ ತೋರಿಸಿ ಬಂದಿದ್ದೆ. ಅವರು ಬೆನ್ನು ತಟ್ಟಿದ್ದರು. "ಸಿಂಧನೂರಾಗ ನಿನ್ನಂಥಾವ ಇಲ್ಲ ಬಿಡು" ಎಂದಿದ್ದರು. ಆ ಮಾತಿನ ಅಮಲಿನಲ್ಲಿದ್ದವನು ತಪ್ಪಾಯಿತು ಎಂದು ಹೇಗೆ ಒಪ್ಪಲಿ? ಇನ್ನೆರಡು ವಾರ ನೋಡೋಣ ಎಂದುಕೊಂಡೆ. ಎರಡು ವಾರ ಎರಡು ತಿಂಗಳಾಯಿತು.

ಒಂದು ದಿನ ಗಂಗಮ್ಮಕ್ಕ ಮಸ್ಕಿಯಿಂದ ಬಸ್ ಹತ್ತಿ ಅಂಗಡಿಗೇ ಬಂದರು. ಕುರ್ಚಿ ಹಾಕಿದರೂ ಕೂರಲಿಲ್ಲ.

"ಹಟ್ಟಿಯವರು ಯಾರರ ಫೋನ್ ಮಾಡಿದ್ರೇನು ತಮ್ಮಾ?"

ಆ ಮುಂಜಾನೆಯೇ ಎರಡು ಬಾರಿ ಫೋನು ಬಂದಿತ್ತು. ಫೋನು ನಮ್ಮಿಬ್ಬರ ನಡುವಿನ ಮೇಜಿನ ಮೇಲೇ ಇತ್ತು.

"ಇಲ್ರಿ ಅಕ್ಕಾರ. ಯಾರೂ ಕೇಳಿಲ್ರಿ."

ಅವರು ಜಗಳ ಮಾಡಲಿಲ್ಲ. "ನನ್ನ ಕೈರುಚಿ ಕೆಟ್ಟೈತೇನೋ" ಎಂದರು. ನಾನು ಕಂಪ್ಯೂಟರ್ ಪರದೆ ನೋಡುತ್ತಾ ಕುಳಿತೆ. ಆ ವರ್ಷವೇ ಜೊತೆಗಿದ್ದ ಇಬ್ಬರೂ ಬೇರೆ ಕೆಲಸ ಹುಡುಕಿಕೊಂಡರು. ಅಕ್ಕ ಹಾಸ್ಟೆಲ್ಲೊಂದರ ಅಡುಗೆಮನೆ ಸೇರಿದರು. ರೀಚಾರ್ಜ್ ಮಾಡಿಸದೆ ಬಿಟ್ಟ ಆ ಸಿಮ್ ತಾನಾಗಿ ಸತ್ತುಹೋಯಿತು. ಫೋನು ನಿಂತಾಗ ನನಗೆ ಹಗುರೆನಿಸಿತ್ತು — ಇದನ್ನು ಬರೆಯಲು ನಾಚಿಕೆಯಾಗುತ್ತಿದೆ, ಆದರೂ ಬರೆಯುತ್ತೇನೆ.

ಹೋದ ತಿಂಗಳು ಲಿಂಗಸುಗೂರು ಬಸ್ ನಿಲ್ದಾಣದಲ್ಲಿ ಅವರು ಸಿಕ್ಕರು. ತಾವಾಗಿಯೇ ಕರೆದು ಮಾತಾಡಿಸಿ, ಪಕ್ಕದಲ್ಲಿದ್ದ ಹೆಂಗಸಿಗೆ ನನ್ನನ್ನು ತೋರಿಸಿದರು. "ಈ ತಮ್ಮ ನಮ್ಮ ಸಲುವಾಗಿ ಭಾಳ ದುಡದಾನವ್ವಾ. ನನ್ನ ರೊಟ್ಟೀನ ನಡೀಲಿಲ್ಲ." ಬೈದಿದ್ದರೆ ತಾಳಿಕೊಳ್ಳುತ್ತಿದ್ದೆ.

ಮರುವಾರ ಮಸ್ಕಿಗೆ ಹೋದೆ. ಅವರ ಮನೆಯ ಕಟ್ಟೆಯ ಮೇಲೆ ಕುಳಿತು ಎಲ್ಲವನ್ನೂ ಹೇಳಿದೆ. ಬಟ್ಟೆ ಅಂಗಡಿಯ ವಿಷಯವನ್ನೂ ಬಿಡಲಿಲ್ಲ. ಕ್ಷಮೆ ಕೇಳುವ ಧೈರ್ಯ ಬರಲಿಲ್ಲ. ಅಕ್ಕ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಾ ಬಿಡಿಸುತ್ತಾ ಕೇಳಿಸಿಕೊಂಡರು.

"ಯಾರ್ಯಾರು ಕೇಳಿದ್ರು?" ಎಂದರು.

ದಿನಕ್ಕೆ ಎಷ್ಟು ಜನ ರೀಲ್ಸ್ ನೋಡಿದರೆಂದು ಬರೆದಿಡುತ್ತಿದ್ದವನು ಫೋನು ಮಾಡಿದವರ ಒಂದು ಹೆಸರನ್ನೂ ಕೇಳಿರಲಿಲ್ಲ.

"ನೀರಿನ ಟಾಕಿ ಹತ್ರ ಇರೋ ಪಾರ್ವತಿ? ಆಕಿ ಕೇಳಿದ್ಲೇನು?"

ಹೌದು ಎನ್ನಬಹುದಿತ್ತು. ಅವರ ಮುಖ ಅರಳುತ್ತಿತ್ತು, ನನಗೂ ಹಗುರಾಗುತ್ತಿತ್ತು. ಆದರೆ ಇನ್ನೊಂದು ಸುಳ್ಳು ಬೇಡ.

"ಗೊತ್ತಿಲ್ರಿ ಅಕ್ಕಾರ. ನಾ ಹೆಸರು ಕೇಳಲಿಲ್ಲ."

"ಶರಣಮ್ಮಾಯಿ? ಹಲ್ಲಿಲ್ಲ ಆಕಿಗೆ, ನೀರಾಗ ನೆನಸಿ ತಿಂತಿದ್ಲು."

"ಗೊತ್ತಿಲ್ರಿ."

ಅಕ್ಕ ಬೆರಳು ಮಡಿಚುತ್ತಾ ಮತ್ತೊಂದು ಹೆಸರು ಹೇಳಿದರು.