ನನ್ನ ಮಾರ್ಕ್ಸ್ ಕಾರ್ಡಿನ ಸಾಕ್ಷಿ

ಗೆಳೆಯರೇ, ಇಂಗ್ಲಿಷ್ ಮೇಷ್ಟ್ರಾದವನು ಪಶು ಆಸ್ಪತ್ರೆಯಲ್ಲಿ ಬಾಯಿ ಬಿಡಬಾರದು ಎಂದು ಇವತ್ತು ಗೊತ್ತಾಯಿತು.

ನಾನು ಹಾಕಬೇಕಿದ್ದ ಒಂದು ಅರ್ಜಿಗೆ ಇವತ್ತೇ ಕೊನೆಯ ದಿನ. ಮಾರ್ಕ್ಸ್ ಕಾರ್ಡಿನ ಜೆರಾಕ್ಸ್ ಅಟೆಸ್ಟ್ ಮಾಡಿಸಲು ಹೊಳಲ್ಕೆರೆಯ ಪಶು ಆಸ್ಪತ್ರೆಗೆ ಹೋದೆ. ಅಲ್ಲಿನ ಡಾಕ್ಟರು ಗೆಜೆಟೆಡ್ ಅಧಿಕಾರಿ. ಒರಿಜಿನಲ್ ನೋಡದೆಯೇ ಹಸಿರು ಪೆನ್ನು ತೆಗೆದರು. ನಾನು ಸುಮ್ಮನಿರಬೇಕಿತ್ತು.

"ಸರ್, ಅಟೆಸ್ಟ್ ಅನ್ನೋದು ಲ್ಯಾಟಿನ್‌ನಿಂದ ಬಂದಿದ್ದು. ಸಾಕ್ಷಿ ಹೇಳೋದು ಅಂತ ಅರ್ಥ. ಒಂದ್ಸಲ ಒರಿಜಿನಲ್ ನೋಡಿಬಿಡ್ರಿ" ಎಂದೆ.

ಅವರು ಪೆನ್ನಿನ ಕ್ಯಾಪ್ ಹಾಕಿಬಿಟ್ಟರು. "ಸಾಕ್ಷಿನಾ? ನಿಮ್ಮನ್ನ ಇವತ್ತೇ ನೋಡ್ತಿರೋದು. ಈ ಕಾರ್ಡಿನಲ್ಲಿರೋ ಮನುಷ್ಯ ನೀವೇ ಅಂತ ನಾನು ಹೆಂಗೆ ಸಾಕ್ಷಿ ಹೇಳ್ಲಿ? ನಿಮ್ಮ ಗುರುತಿನೋರು ಯಾರನ್ನಾದ್ರೂ ಕರ್ಕಂಡ್ ಬರ್ರಿ."

ಹೊರಗೆ ಎಮ್ಮೆ ಹಿಡಿದು ನಿಂತಿದ್ದ ಬಿ.ದುರ್ಗದ ರುದ್ರಮ್ಮ ಬಾಗಿಲಲ್ಲಿ ಇಣುಕಿದರು. "ಇವರು ನಮ್ ಹುಡುಗಿಗೆ ಪಾಠ ಹೇಳೋ ಮೇಷ್ಟ್ರು ಕಣ್ರಿ ಸಾರ್!"

ಡಾಕ್ಟರು ತಕ್ಷಣ ಸಹಿ ಹಾಕಿದರು.

"ಆಯಮ್ಮ ನಿಮಗೆ ಗೊತ್ತಾ ಸರ್?" ಎಂದೆ.

"ಆಯಮ್ಮ ಗೊತ್ತಿಲ್ಲ. ಆಯಮ್ಮನ ಎಮ್ಮೆ ಮೂರು ವರ್ಷದಿಂದ ಗೊತ್ತೈತೆ."

ಅರ್ಜಿಯೇನೋ ಹೋಯಿತು. ನನಗೆ ಸಾಕ್ಷಿ ಹೇಳಿದ್ದು ಡಾಕ್ಟರೋ, ರುದ್ರಮ್ಮನೋ, ಎಮ್ಮೆಯೋ ಇನ್ನೂ ತಿಳಿಯುತ್ತಿಲ್ಲ. ಒರಿಜಿನಲ್ಲನ್ನು ಮಾತ್ರ ಮೂವರಲ್ಲಿ ಯಾರೂ ನೋಡಲಿಲ್ಲ.